ಕೆಂಪು ಚುಕ್ಕೆಯವಳು

"ರೀ! ಅಲ್ಲೇ ನಿಲ್ಲಿ! ಇನ್ನೊಂದು ಹೆಜ್ಜೆ ಇಟ್ಟೀರಾ, ನೋಡಿ ಮತ್ತೆ!"

ಅಂಗಡಿಯ ಬಾಗಿಲಲ್ಲಿದ್ದವನು ಇದ್ದಲ್ಲೇ ನಿಂತುಬಿಟ್ಟ. ಒಂದು ಕಾಲು ಹೊಸ್ತಿಲ ಒಳಗೆ, ಒಂದು ಕಾಲು ಹೊರಗೆ. ಎದೆಗೆ ಅವುಚಿಕೊಂಡಿದ್ದದ್ದು ಹಳೇ ಕಾಲದ ದೊಡ್ಡ ಮರದ ಟಿವಿ. ಅದರ ಮೇಲಿಂದ ಕಾಣುತ್ತಿದ್ದದ್ದು ಅವನ ಬೆವರಿದ ಹಣೆ ಮತ್ತು ಗಾಬರಿಬಿದ್ದ ಎರಡು ಕಣ್ಣು ಮಾತ್ರ.

ಕೂಗಿದವಳು ಮೇಜಿನ ಹಿಂದಿನಿಂದ ಎದ್ದು ಬಂದಳು. ಹಣೆಯ ಮೇಲಕ್ಕೆ ಸರಿಸಿದ ಭೂತಗನ್ನಡಿ, ಕಿವಿಯ ಹಿಂದೆ ಸಿಕ್ಕಿಸಿದ ಸಣ್ಣ ಬ್ರಷ್ಷು, ಕೈತುಂಬ ಸ್ಪಿರಿಟ್ಟಿನ ವಾಸನೆ. ನಮ್ಮ ನಾಯಕಿ ಇವಳೇ! ಬೇರೆ ಕಥೆಗಳಲ್ಲಿ ನಾಯಕಿ ಮೊದಲ ಸಲ ಬರುವಾಗ ಮುಂಗುರುಳು ಗಾಳಿಗೆ ಹಾರುತ್ತದೆ. ಇವಳ ಮುಂಗುರುಳಿಗೆ ಗ್ರೀಸು ಮೆತ್ತಿಕೊಂಡಿತ್ತು, ಹಾರುವ ಮಾತೇ ಇರಲಿಲ್ಲ.

"ಕಾಲ ಹತ್ರ ವೈರ್ ಬಿದ್ದಿದೆ, ಕಾಣಲ್ವಾ? ಎಡವಿದ್ರೆ ಪಿಕ್ಚರ್ ಟ್ಯೂಬ್ ಢಂ ಅನ್ನುತ್ತೆ. ಗಾಜಿನ ಚೂರು ಎಲ್ಲೆಲ್ಲಿ ಚುಚ್ಚುತ್ತೋ ಹೇಳಕ್ಕಾಗಲ್ಲ."

"ಕಾಣ್ಲಿಲ್ಲ ಮೇಡಂ… ಟಿವಿ ಅಡ್ಡ ಇತ್ತು."

ಅವಳು ವೈರನ್ನು ಕಾಲಿನಿಂದ ಆಚೆ ತಳ್ಳಿ, ಟಿವಿಯ ಅಡಿಗೆ ಕೈ ಕೊಟ್ಟಳು. ಅಡಿಯಲ್ಲಿ ಅವನ ಬೆರಳಿಗೆ ಅವಳ ಬೆರಳು ತಾಗಿತು. ಇಬ್ಬರೂ ಕೈ ಬಿಡುವ ಹಾಗಿರಲಿಲ್ಲ, ಬಿಟ್ಟರೆ ಟಿವಿ ನೆಲದ ಪಾಲು! ಹಾಗೇ ಒಬ್ಬರ ಮುಖ ಒಬ್ಬರು ನೋಡುತ್ತ ಅಡ್ಡಡ್ಡ ನಡೆದು ಮೇಜಿನವರೆಗೆ ಬಂದರು. ಅಷ್ಟು ದೂರಕ್ಕೆ ಅವಳ ಎದೆ ಅಷ್ಟೊಂದು ಹೊಡೆದುಕೊಳ್ಳುವ ಅಗತ್ಯವಿರಲಿಲ್ಲ. ಆದರೂ ಹೊಡೆದುಕೊಂಡಿತು.

*ಟಿವಿ ಭಾರ ಇತ್ತಲ್ಲ, ಅದಕ್ಕೇ,* ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

"ಗಾಜು ಎದೆ ಕಡೆ ಇಟ್ಕೊಂಡು ಹೊತ್ಕೊಂಡ್ಬಂದಿದ್ದೀರಿ. ಎಲ್ಲರೂ ಉಲ್ಟಾ ಹಿಡ್ಕೊಂಡು ಬರ್ತಾರೆ. ಯಾರು ಹೇಳ್ಕೊಟ್ರು?"

"ಭಾರ ಎಲ್ಲಾ ಮುಂದ್ಗಡೆ ಇರುತ್ತಲ್ಲ… ಹಾಗೆ ಅನ್ನಿಸ್ತು," ಎಂದ ಅವನು. ಕಿವಿ ಯಾಕೋ ಕೆಂಪಾಯಿತು.

ಅಂಗಡಿಯ ಇನ್ನೊಂದು ತುದಿಯಲ್ಲಿ ಅಪ್ಪ ಕುರ್ಚಿಯಿಂದಲೇ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಕೈ ನಡುಗಲು ಶುರುವಾದ ಮೇಲೆ ನಾಜೂಕಿನ ಕೆಲಸವನ್ನೆಲ್ಲ ಮಗಳಿಗೆ ಬಿಟ್ಟು, ಮಾತಿನ ಕೆಲಸವನ್ನು ಮಾತ್ರ ತಮ್ಮ ಹತ್ತಿರ ಇಟ್ಟುಕೊಂಡಿದ್ದರು.

"ಓಹೋ! ಮರದ ಶಟರ್ ಇರೋ ಟಿವಿ! ಇದನ್ನ ನೋಡಿ ಯಾವ ಕಾಲ ಆಯ್ತೋ! ಏನಪ್ಪಾ ತೊಂದ್ರೆ ಇದಕ್ಕೆ?"

"ಶಬ್ದ ಬರುತ್ತೆ ಸಾರ್. ಚಿತ್ರ ಬರಲ್ಲ. ಚಾನೆಲ್ ತಿರುಗಿಸಿದ್ರೆ ಬರೀ ಬಿಳಿ ಚುಕ್ಕೆ."

ಅವಳು ಗೋಡೆಯ ಕಡೆ ಬೆರಳು ತೋರಿಸಿದಳು. 'ಬೇರೆಯವರು ಬಿಚ್ಚಿದ ಸೆಟ್ಟನ್ನು ಮುಟ್ಟುವುದಿಲ್ಲ' ಎಂದು ಅಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು.

"ಇದನ್ನ ಯಾರಾದ್ರೂ ಬಿಚ್ಚಿದ್ರಾ?"

ಅವನು ಬೋರ್ಡು ನೋಡಿದ. ಅವಳನ್ನು ನೋಡಿದ.

"ಇ… ಇಲ್ಲ."

ಸುಳ್ಳು! ಆದರೆ ಅದು ಸುಳ್ಳು ಎಂದು ಅವಳಿಗೆ ಆಗ ಗೊತ್ತಾಗಲಿಲ್ಲ. ಅವನ ಗಾಬರಿಯ ಕಣ್ಣು ಬಹಳ ಚೆನ್ನಾಗಿದೆ ಎಂಬುದೊಂದೇ ಗೊತ್ತಾಯಿತು.

"ಭಾನುವಾರಕ್ಕೆ ಬೇಕಿತ್ತು ಮೇಡಂ. ತುಂಬಾ ಮುಖ್ಯ."

"ನೋಡೋಣ," ಎಂದಳು ಬಿಗುವಾಗಿ.

ಅವನು ಹೋದ ಮೇಲೆ ಅಪ್ಪ ಕೆಮ್ಮಿದರು. ಆ ಅಂಗಡಿಯಲ್ಲಿ ಗಿರಾಕಿಗಳಿಗೆಲ್ಲ ಅವರು ತಂದ ಸಾಮಾನಿನದೇ ಹೆಸರು. ಮಿಕ್ಸಿ ಮಾಮ, ರೇಡಿಯೋ ಅಜ್ಜಿ, ಹೀಗೆ.

"ಶಟರ್ ಒಳ್ಳೇ ಹುಡುಗ ಅನ್ಸುತ್ತೆ, ಅಲ್ವಾ ಪುಟ್ಟಿ?"

"ನಂಗೇನು ಗೊತ್ತು? ನಾನು ಟಿವಿ ನೋಡ್ದೆ."

"ಹೌದೌದು. ನಾನೂ ಅದನ್ನೇ ನೋಡ್ದೆ!"

*

ಮರುದಿನ ಬೆಳಿಗ್ಗೆ ಅವಳು ಹಾಡು ಗುನುಗುತ್ತ ಟಿವಿಯ ಹಿಂಬದಿಯ ಹಲಗೆ ತೆಗೆದಳು. ಗುನುಗುವುದು ಅಲ್ಲಿಗೇ ನಿಂತಿತು.

ಒಳಗಿದ್ದ ಸ್ಕ್ರೂಗಳ ಪಕ್ಕದಲ್ಲಿ ಕೆಂಪು ಚುಕ್ಕೆಗಳಿದ್ದವು. ಸಣ್ಣ, ದುಂಡನೆಯ, ಹೊಳೆಯುವ ಚುಕ್ಕೆಗಳು.

ಭೂತಗನ್ನಡಿ ಕಣ್ಣಿಗೆ ಇಳಿಸಿಕೊಂಡು ಬಗ್ಗಿದಳು. ನೇಲ್ ಪಾಲಿಶ್! ಬಿಚ್ಚುವ ಮೊದಲು ಸ್ಕ್ರೂಗೊಂದು ಚುಕ್ಕೆ, ಅದು ಕೂರುವ ತೂತಿನ ಪಕ್ಕದಲ್ಲೊಂದು ಚುಕ್ಕೆ. ಮತ್ತೆ ಜೋಡಿಸುವಾಗ ಯಾವುದು ಎಲ್ಲಿಯದು ಎಂದು ತಡಕಾಡಬೇಕಿಲ್ಲ. ಈ ಉಪಾಯ ಅವಳದೇ! ಅಪ್ಪನ ಪೆನ್ನಿನ ಗುರುತು ಸ್ಪಿರಿಟ್ ತಾಗಿದ ಕೂಡಲೇ ಮಾಯವಾಗುತ್ತಿತ್ತು. ಅದಕ್ಕೇ ಅವಳು ನೇಲ್ ಪಾಲಿಶ್ ಬಾಟಲಿಯೊಂದನ್ನು ಮೇಜಿನ ಮೇಲೆ ತಂದಿಟ್ಟುಕೊಂಡಿದ್ದಳು. ಆ ಬಾಟಲಿ ಇದುವರೆಗೂ ಅವಳ ಉಗುರಿನ ಮುಖ ನೋಡಿರಲಿಲ್ಲ.

ಇದು ಗಂಡಸರಿಗೆ ಹೊಳೆಯುವ ಉಪಾಯವಲ್ಲ ಎಂಬುದು ಅವಳ ಗಟ್ಟಿ ನಂಬಿಕೆ. ಅಂದ ಮೇಲೆ ಈ ಟಿವಿಯನ್ನು ಬಿಚ್ಚಿದವಳು ಹೆಂಗಸು. ಅದೂ ಈಚೆಗೆ… ಚುಕ್ಕೆಗಳ ಮೇಲೆ ಒಂದು ಕಣ ಧೂಳೂ ಕೂತಿರಲಿಲ್ಲ.

*ಯಾರೂ ಬಿಚ್ಚಿಲ್ಲ ಅಂದ್ನಲ್ಲ! ಸುಳ್ಳುಬುರುಕ! ಯಾರು ಅವಳು?*

ಇನ್ನೂ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಆ ಚುಕ್ಕೆಗಳು ಎಷ್ಟು ಅಚ್ಚುಕಟ್ಟಾಗಿದ್ದವು ಅಂದರೆ, ಒಂದೂ ಹರಡಿರಲಿಲ್ಲ, ಒಂದೂ ಸೊಟ್ಟಗಿರಲಿಲ್ಲ. ಅವಳು ಇಡುವ ಚುಕ್ಕೆಗಳೋ… ಒಂದು ದಪ್ಪ, ಒಂದು ಬಾಲ ಬಿಟ್ಟದ್ದು. ಈ ಮಹಾರಾಯಿತಿಯ ಕೈ ಎಷ್ಟು ನಿಧಾನದ್ದಿರಬೇಕು! ಬೆರಳು ಉದ್ದಕ್ಕೆ, ಉಗುರು ನೀಟಾಗಿ, ಮೈಯಿಂದ ಸೆಂಟಿನ ಘಮ… ಅವಳು ತನ್ನ ಕೈ ನೋಡಿಕೊಂಡಳು. ಗಿಡ್ಡಗೆ ಕತ್ತರಿಸಿದ ಉಗುರು, ಬೆಸುಗೆಯ ಸುಟ್ಟ ಕಲೆ, ಸ್ಪಿರಿಟ್ಟಿಗೆ ಒಡೆದ ಚರ್ಮ.

ಒಬ್ಬನನ್ನು ಒಂದೇ ಒಂದು ಸಲ ನೋಡಿ, ಅವನ ಹೆಸರೂ ಕೇಳದೆ, ಅವನ ಜೊತೆಗಿನ ಕಾಣದ ಹೆಂಗಸಿನ ಮೇಲೆ ಇಷ್ಟು ಉರಿಯಬಹುದೇ ಎಂದು ನೀವು ಕೇಳಬಹುದು. ಹೊಟ್ಟೆಕಿಚ್ಚಿಗೆ ಯಾರ ಅಪ್ಪಣೆ ಬೇಕು ಹೇಳಿ! ಅದು ಬಂದು ಕೂತು, ಕಾಲು ಚಾಚಿ, ಆಮೇಲೆ ನಮ್ಮನ್ನು ಕೇಳುತ್ತದೆ.

ಬೋರ್ಡಿನ ಪ್ರಕಾರ ಸೆಟ್ಟನ್ನು ವಾಪಸ್ಸು ಕಳಿಸಬೇಕಿತ್ತು. ಅವಳು ಕಳಿಸಲಿಲ್ಲ. ಕಳಿಸಿದರೆ ಅವನು ಮತ್ತೆ ಬರುವುದಿಲ್ಲವಲ್ಲ…

*

ಅವನು ದಿನಾ ಸಂಜೆ ಕೆಲಸ ಮುಗಿಸಿ ಬರತೊಡಗಿದ. ಸ್ಟೂಲಿನ ಮೇಲೆ ಕೂತು, ಅವಳ ಕೆಲಸಕ್ಕೆ ಟಾರ್ಚು ಹಿಡಿದು, ಸುಮ್ಮನೆ ನೋಡುತ್ತಿದ್ದ.

ಅವಳು ಟಿವಿಯ ಗುಂಡಿಗಳ ಹಿಂದೆ ದಾರ ಸುತ್ತಿ ಮೆಲ್ಲಗೆ ಎಳೆದು ಕಳಚಿದಳು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಹಳೇ ಪ್ಲಾಸ್ಟಿಕ್ಕು ಸೀಳುತ್ತದೆ. ಸೋಪಿನ ನೀರಲ್ಲಿ ಅವನ್ನು ನೆನೆಸಿಟ್ಟಳು. ಮೆದು ಬ್ರಷ್ಷಿನಿಂದ ಒಳಗಿನ ಸಂದುಗೊಂದುಗಳ ಧೂಳು ತೆಗೆದಳು.

"ಗುಂಡಿ ಸುತ್ತ ಇರೋ ಈ ಚಾನೆಲ್ ಅಂಕಿಗಳನ್ನ ಯಾಕೆ ಒರೆಸ್ತಿಲ್ಲ?" ಎಂದು ಅವನು ಕೇಳಿದ.

"ಒರೆಸಿದ್ರೆ ಧೂಳಿನ ಜೊತೆ ಅಂಕಿನೂ ಹೋಗುತ್ತೆ. ಹಳೇ ಬಣ್ಣ. ಬರೀ ಊದಬೇಕು ಅಷ್ಟೇ."

ಅವನು ತಲೆ ತಗ್ಗಿಸಿ ಮೆಲ್ಲಗೆ ಊದಿದ. ಅವಳೂ ಅದೇ ಹೊತ್ತಿಗೆ ಊದಿದಳು. ಹಾರಿದ ಧೂಳೆಲ್ಲ ಅವಳ ಮೂಗಿಗೆ ಹೋಗಿ ಜೋರಾಗಿ ಸೀನಿದಳು. ಅವನು ನಕ್ಕುಬಿಟ್ಟ. ಅವಳಿಗೂ ನಗು ತಡೆಯಲಾಗಲಿಲ್ಲ.

ಹಾಗೆ ನಗುವಾಗಲೇ ಕೆಂಪು ಚುಕ್ಕೆ ನೆನಪಾಯಿತು. ಮುಖ ಮತ್ತೆ ಊದಿಕೊಂಡಿತು.

"ಏನಪ್ಪಾ ಕೆಲಸ ಮಾಡ್ತೀಯ?" ಅಪ್ಪ ಕೇಳಿದರು.

"ಒಂದು… ಕಾರ್ಖಾನೆಯಲ್ಲಿ ಸಾರ್." ಯಾವ ಕಾರ್ಖಾನೆ ಎಂದು ಹೇಳದೆ ಅವನು ಟಾರ್ಚಿನ ಗಾಜು ಒರೆಸತೊಡಗಿದ.

"ಮನೇಲಿ ಯಾರ್ಯಾರಿದ್ದೀರಿ?"

"ಒಬ್ಬನೇ ಸಾರ್… ಸದ್ಯಕ್ಕೆ."

ಸದ್ಯಕ್ಕೆ! ಅವಳ ಕೈಯಲ್ಲಿದ್ದ ಹತ್ತಿ ಚೂರುಚೂರಾಯಿತು.

*ಅಂದ್ರೆ ಇಷ್ಟರಲ್ಲೇ ಒಬ್ಬಳು ಬರ್ತಾಳೆ. ಚುಕ್ಕೆ ರಾಣಿ! ಬಂದು ಇವನ ಮನೆ ತುಂಬಾ ಚುಕ್ಕೆ ಇಡ್ತಾಳೆ!*

"ಈ ಟಿವಿ ಯಾರಿಗೆ?" ಕೇಳಬಾರದೆಂದುಕೊಂಡೇ ಕೇಳಿದಳು.

ಅವನು ತಡವರಿಸಿದ. "ಒಬ್ಬರಿಗೆ ಕೊಡ್ಬೇಕು ಮೇಡಂ. ಅವರಿಗೆ ಹಳೇ ಸಾಮಾನು ಅಂದ್ರೆ ಪ್ರಾಣ. ಭಾನುವಾರ ಕೊಟ್ಟು… ಮನಸ್ಸಲ್ಲಿರೋದನ್ನೂ ಹೇಳ್ಬಿಡೋಣ ಅಂತ."

"ಅವರು ಒಪ್ತಾರಾ?"

"ಗೊತ್ತಿಲ್ಲ. ಸ್ವಲ್ಪ ಸಿಡುಕು. ಆದ್ರೆ ಕೆಲಸ ಮಾಡೋವಾಗ ನೋಡ್ಬೇಕು ಅವರನ್ನ…"

ಹೇಳುತ್ತ ಹೇಳುತ್ತ ಅವನ ಕಣ್ಣು ಎಲ್ಲೋ ಹೋಯಿತು. ಅವಳ ಎದೆಯಲ್ಲಿ ಯಾರೋ ಕೆಂಡ ಸುರಿದ ಹಾಗಾಯಿತು. ತಾನು ಉಜ್ಜಿ ಹೊಳಪು ಬರಿಸಬೇಕು, ಆ ಸಿಡುಕಿ ಕಾಲ ಮೇಲೆ ಕಾಲು ಹಾಕಿ ಕೂತು ನೋಡಬೇಕು! ಯಾವ ನ್ಯಾಯ ಇದು?

"ಟಾರ್ಚ್ ನೆಟ್ಟಗೆ ಹಿಡೀರಿ!" ಎಂದು ರೇಗಿದಳು. ಟಾರ್ಚು ನೆಟ್ಟಗೇ ಇತ್ತು.

*

ಶನಿವಾರ ಬೆಳಿಗ್ಗೆ ಟಿವಿಯ ಜೀವ ಇರುವ ಭಾಗಕ್ಕೆ ಬಂದಳು. ಚಾನೆಲ್ ತಿರುಗಿಸುವ ಗುಂಡಿಯ ಹಿಂದೆ ಒಂದು ಸಣ್ಣ ಉರುಳೆ ಇರುತ್ತದೆ. ಅದರ ಸುತ್ತ ಬೆರಳುದ್ದದ ಪಟ್ಟಿಗಳು. ಚಾನೆಲ್ಲಿಗೊಂದು ಪಟ್ಟಿ, ಪಟ್ಟಿಯ ಮೇಲೆ ಕೂದಲಿನಂಥ ತಂತಿಯ ಸುರುಳಿಗಳು, ಬೆನ್ನಿಗೆ ಬೆಳ್ಳಿ ಬಣ್ಣದ ಚುಕ್ಕಿಯಂಥ ಸಂಪರ್ಕಗಳು. ಆ ಬೆಳ್ಳಿ ಕಪ್ಪಾಗಿದ್ದಕ್ಕೇ ಚಿತ್ರ ಬರುತ್ತಿರಲಿಲ್ಲ.

ಅಲ್ಲೂ ಕೆಂಪು ಚುಕ್ಕೆ! ಮೊದಲ ಪಟ್ಟಿಗೆ ಒಂದು, ಅದು ಕೂರುವ ಮನೆಗೂ ಒಂದು. ಮುಂದಿನದಕ್ಕೆ ಎರಡು, ಅದರ ಮನೆಗೂ ಎರಡು. ಅವಳು ಮಾಡುವುದೂ ಥೇಟ್ ಹೀಗೇ.

"ಅಚ್ಚುಕಟ್ಟು ಕೈ," ಎಂದರು ಅಪ್ಪ ಬಗ್ಗಿ ನೋಡಿ. "ನಿನಗಿಂತ ಚೆನ್ನಾಗಿ ಇಟ್ಟಿದ್ದಾರೆ ಪುಟ್ಟಿ."

ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು ಅಂದರೆ ಇದೇ!

ಅವಳು ತುಟಿ ಕಚ್ಚಿಕೊಂಡು ಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿ ಬಟ್ಟಲಿನ ಸ್ಪಿರಿಟ್ಟಿಗೆ ಹಾಕಿದಳು. ತನ್ನ ಗುರುತು ಬೇರೆ ಇಡಲಿಲ್ಲ, ಇರುವ ಚುಕ್ಕೆಯೇ ಸಾಕಿತ್ತು. ಸ್ಪಿರಿಟ್ಟಿಗೆ ಆ ಕೆಂಪು ಜಗ್ಗಲೂ ಇಲ್ಲ. ಹತ್ತಿಯಿಂದ ಕಪ್ಪನ್ನು ಒರೆಸಿದಳು, ಕೂದಲು ತಂತಿಗೆ ಉಸಿರೂ ತಾಗದ ಹಾಗೆ.

ಮಧ್ಯಾಹ್ನ ಅವನು ಓಡೋಡಿ ಬಂದ. "ನಾಳೆ ಬೆಳಿಗ್ಗೆ ಸಿಗುತ್ತೆ ಅಲ್ವಾ ಮೇಡಂ?"

ಅವಳು ತಲೆ ಎತ್ತಿದಳು. ಎತ್ತಬಾರದಿತ್ತು. ಅವನ ಅಂಗಿಯ ತೋಳಿನ ಅಂಚಿಗೆ ಕೆಂಪು ಮೆತ್ತಿತ್ತು. ಅದೇ ಕೆಂಪು! ಟಿವಿಯೊಳಗಿನ ಚುಕ್ಕೆಗಳದ್ದೇ ಬಣ್ಣ.

"ತೋಳಿಗೆ ಏನೋ ಆಗಿದೆ ನೋಡಿ," ಎಂದಳು. ಧ್ವನಿ ತಣ್ಣಗಿತ್ತು.

ಅವನು ನೋಡಿಕೊಂಡು ನಾಲಿಗೆ ಕಚ್ಚಿಕೊಂಡ. ಗಡಿಬಿಡಿಯಿಂದ ತೋಳು ಮಡಚಿದ. "ಅದು… ಏನಿಲ್ಲ ಮೇಡಂ. ಹೇಗೋ ತಾಗ್ತು. ನಾಳೆ ಬರ್ತೀನಿ."

ಹೊರಟೇಹೋದ.

*ಹೇಗೋ ತಾಗ್ತಂತೆ! ಈಗಷ್ಟೇ ಅವಳ ಹತ್ರದಿಂದ ಬಂದಿದ್ದಾನೆ. ಅವಳ ಕೈ ಹಿಡ್ಕೊಂಡು ಕೂತಿದ್ದ. ಉಗುರಿನ ಬಣ್ಣ ಒಣಗೋವರೆಗೂ ತಡೆದಿಲ್ಲ ಪುಣ್ಯಾತ್ಮ!*

ಅಪ್ಪ ಒಳಗೆ ಊಟಕ್ಕೆ ಹೋಗಿದ್ದರು. ಮೇಜಿನ ತುದಿಯಲ್ಲಿ ಬಣ್ಣ ಕರಗಿಸುವ ಥಿನ್ನರ್ ಡಬ್ಬಿ ಇತ್ತು. ಅವಳು ಹತ್ತಿಯನ್ನು ಅದ್ದಿ ಮೊದಲ ಪಟ್ಟಿಯ ಮೇಲೆ ತಿಕ್ಕಿದಳು. ಚುಕ್ಕೆ ಹೋಯಿತು. ಆಹಾ, ಎಂಥ ಸುಖ! ಇನ್ನೊಂದು ತಿಕ್ಕಿದಳು. ಮತ್ತೊಂದು. ಎಲ್ಲ ಪಟ್ಟಿಗಳನ್ನೂ, ಉರುಳೆಯ ಎಲ್ಲ ಮನೆಗಳನ್ನೂ ತಿಕ್ಕಿ ತಿಕ್ಕಿ ಒರೆಸಿದಳು. ಆ ಹೆಂಗಸಿನ ಗುರುತು ಈ ಮೇಜಿನ ಮೇಲೆ ಒಂದೂ ಉಳಿಯಬಾರದು! ಕಣ್ಣಿಂದ ನೀರು ಬೇರೆ ಸುರಿಯುತ್ತಿತ್ತು. ಥಿನ್ನರಿನ ಘಾಟು ಅಂದುಕೊಂಡಳು.

ಹತ್ತಿ ಎಲ್ಲ ಕೆಂಪಾಯಿತು. ಪಟ್ಟಿಗಳೆಲ್ಲ ಸ್ವಚ್ಛವಾಗಿ, ಹೊಳೆಯುತ್ತ, ಒಂದರ ಪಕ್ಕ ಒಂದು, ಎಲ್ಲ ಒಂದೇ ಥರ ಬಿದ್ದುಕೊಂಡವು.

ಊಟ ಮುಗಿಸಿ ಬಂದ ಅಪ್ಪ ಕೈ ಒರೆಸುತ್ತ ನಿಂತರು. ನೋಡಿದರು. ನಗು ಆರಿತು.

"ಪುಟ್ಟಿ… ಒಂದನೇದು ಯಾವುದಮ್ಮಾ?"

ಆಗ ಅವಳಿಗೆ ಎಚ್ಚರವಾಯಿತು.

"ನಿನ್ನ ಗುರುತು ಇಡದೆ ಇನ್ನೊಬ್ಬರ ಗುರುತು ಅಳಿಸಬಾರದು ಅಂತ ನಾನು ಹೇಳ್ಕೊಟ್ಟಿದ್ದಲ್ವಾ? ಹಾಕಿ ನೋಡೋಣ ಅಂದ್ರೆ ಪಟ್ಟಿಗಳ ಅಂಚು ಒಣಗಿ ಬಿಸ್ಕತ್ತಿನ ಹಾಗಾಗಿದೆ. ತಪ್ಪು ಮನೆಗೆ ಸಿಕ್ಕಿಸಿ ಮತ್ತೆ ತೆಗೆದ್ರೆ ಮುರಿದುಹೋಗುತ್ತೆ. ಇದಕ್ಕೆ ಬೇರೆ ಎಲ್ಲಿಂದ ತರೋಣ?"

"ಗೊತ್ತು ಅಪ್ಪಾ…"

"ಗೊತ್ತಿದ್ದೂ ಯಾಕೆ?"

ಅಪ್ಪ ಅವಳ ಕೆಂಪು ಕಣ್ಣು ನೋಡಿದರು, ಕೆಂಪು ಹತ್ತಿ ನೋಡಿದರು. ಆಮೇಲೆ ಕುರ್ಚಿಯಲ್ಲಿ ಕೂತು ಮೀಸೆಯ ಅಡಿಯಲ್ಲಿ ಏನೋ ಅಂದುಕೊಂಡರು.

ಅವಳು ಯಾರದೋ ಮನೆಯ ಟಿವಿಯನ್ನು ಕೆಡಿಸಿದ್ದಳು. ಅದೂ ಬೇಕಂತಲೇ! ಇದುವರೆಗೆ ಅವಳ ಕೈ ಸೇರಿದ ಒಂದು ಸಾಮಾನೂ ಸತ್ತು ಹೊರಗೆ ಹೋಗಿರಲಿಲ್ಲ. ಇಡೀ ಮಧ್ಯಾಹ್ನ ಪಟ್ಟಿಗಳನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದಳು. ಮೇಲಿದ್ದ ಅಂಕಿಗಳು ಯಾವತ್ತೋ ಅಳಿಸಿಹೋಗಿದ್ದವು.

ಇದರ ಕ್ರಮ ಗೊತ್ತಿರುವವಳು ಒಬ್ಬಳೇ. ಚುಕ್ಕೆ ಇಟ್ಟವಳು. ಅವಳನ್ನೇ ಕರೆಸಬೇಕು. ಕೈಮುಗಿದು, ಎದುರು ಕೂರಿಸಿಕೊಂಡು, 'ದಯವಿಟ್ಟು ಹೇಳ್ಕೊಡಿ' ಅನ್ನಬೇಕು.

*ಇದಕ್ಕಿಂತ ಆ ಥಿನ್ನರ್ ಕುಡಿಯೋದು ವಾಸಿ!*

*

ಭಾನುವಾರ ಬೆಳಿಗ್ಗೆ ಅವನು ಬಂದ. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ತಲೆ. ಅವಳ ಹೊಟ್ಟೆಯಲ್ಲಿ ಮತ್ತೆ ಉರಿ ಎದ್ದಿತು. ಇಷ್ಟು ಚೆನ್ನಾಗಿ ಹೊರಟಿರುವುದು ಯಾರಿಗಾಗಿ ಎಂದು ಗೊತ್ತಿತ್ತಲ್ಲ!

"ಆಯ್ತಾ ಮೇಡಂ?"

"ಇಲ್ಲ."

"ಯಾಕೆ? ಏನಾಯ್ತು?"

ಸುಳ್ಳು ಹೇಳಬಹುದಿತ್ತು. ಹಳೇ ಸೆಟ್ಟು, ಸತ್ತುಹೋಗಿದೆ ಅಂದಿದ್ದರೆ ಅವನು ನಂಬುತ್ತಿದ್ದ. ಆ ಚುಕ್ಕೆ ರಾಣಿಗೆ ಉಡುಗೊರೆಯೂ ತಪ್ಪುತ್ತಿತ್ತು. ಅವಳ ಬಾಯಿ ಆ ಮಾತಿಗೆ ತೆರೆದೂ ತೆರೆಯಿತು… ಆದರೆ ಮೇಜಿನ ಮೇಲೆ ಆ ಪಟ್ಟಿಗಳು ಬಿದ್ದುಕೊಂಡಿದ್ದವು. ಅವುಗಳ ಎದುರು ಸುಳ್ಳು ಹೇಳಲು ಅವಳಿಂದ ಆಗಲಿಲ್ಲ.

"ಟಿವಿ ನೀವೇ ಬಿಚ್ಚಿಸಿದ್ರಿ. ಇಲ್ಲ ಅಂತ ಸುಳ್ಳು ಹೇಳಿದ್ರಿ. ಅದಿರ್ಲಿ. ಆ ಕೆಂಪು ಚುಕ್ಕೆ ಇಟ್ಟೋರನ್ನ ಕರ್ಕೊಂಡ್ಬನ್ನಿ. ಪಟ್ಟಿ ಯಾವುದು ಎಲ್ಲಿಗೆ ಅಂತ ಅವರಿಗೆ ಮಾತ್ರ ಗೊತ್ತು."

ಅವನು ಬೆಚ್ಚಿದ. "ಚುಕ್ಕೆಗಳು ಇದ್ವಲ್ಲ?"

"ಅಳಿಸಿಬಿಟ್ಟೆ."

"ಕೈ ತಪ್ಪಿ…?"

"ಕೈ ತಪ್ಪಿ ಅಲ್ಲ! ಬೇಕಂತಲೇ! ತಿಕ್ಕಿ ತಿಕ್ಕಿ ಅಳಿಸಿದೆ!"

"ಯಾಕೆ ಮೇಡಂ?"

"ಹೊಟ್ಟೆಕಿಚ್ಚಿಗೆ!" ಅವಳು ಕೂಗಿಯೇಬಿಟ್ಟಳು. "ಅವಳ ಮೇಲಿನ ಹೊಟ್ಟೆಕಿಚ್ಚಿಗೆ! ಅವಳ ಚುಕ್ಕೆ ಅಷ್ಟು ದುಂಡಗಿದೆ, ನನ್ನದು ಸೊಟ್ಟಗಿದೆ. ನೀವು ದಿನಾ ಬಂದು ನನ್ನ ಪಕ್ಕ ಕೂರ್ತೀರಿ, ಭಾನುವಾರ ಅವಳ ಹತ್ರ ಹೋಗ್ತೀರಿ. ತೋಳಿಗೆ ಅವಳ ಬಣ್ಣ ಮೆತ್ಕೊಂಡು ಬರ್ತೀರಿ. ನಾನೂ ಮನುಷ್ಯಳೇ ಅಲ್ವಾ? ಈಗ ಕರ್ಕೊಂಡ್ಬನ್ನಿ ಅವಳನ್ನ. ಕ್ಷಮೆ ಕೇಳ್ತೀನಿ, ಟಿವಿ ಸರಿ ಮಾಡಿ ಕೊಡ್ತೀನಿ. ಆಮೇಲೆ… ಆಮೇಲೆ ಈ ಕಡೆ ಬರ್ಬೇಡಿ."

ಹೇಳಿ ಮುಗಿಸಿ ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿಕೊಂಡಳು. ಅಳು ಕಾಣದಿರಲಿ ಎಂದು. ಆದರೆ ಅದು ಭೂತಗನ್ನಡಿ! ಕಣ್ಣೀರು ಇನ್ನೂ ದೊಡ್ಡದಾಗಿ ಕಂಡಿತು.

ಅವನು ಸ್ಟೂಲು ಎಳೆದುಕೊಂಡು ಅವಳ ಎದುರು ಕೂತ. ಇಸ್ತ್ರಿ ಮಾಡಿದ ತೋಳನ್ನು ಮಡಚಿ ಒಂದು ಪಟ್ಟಿಯನ್ನು ತೆಗೆದುಕೊಂಡ. ಅಂಚು ಮುಟ್ಟದೆ, ಎರಡೂ ತುದಿಗೆ ಬೆರಳು ಕೊಟ್ಟು, ಥೇಟ್ ಅವಳು ಹಿಡಿಯುವ ಹಾಗೆ.

"ಇವನು ಆಕಳಿಸೋನು," ಎಂದ.

"ಏನು?"

"ನೋಡಿ… ಈ ಎರಡು ಸುರುಳಿ ಕಣ್ಣು. ಕೆಳಗಿನ ಬೆಸುಗೆ ಬಾಯಿ. ಬಾಯಿ ದೊಡ್ಡದಾಗಿ ತೆರ್ಕೊಂಡಿದ್ದಾನೆ. ಇವನು ಮೊದಲನೆಯವನು." ಇನ್ನೊಂದನ್ನು ಎತ್ತಿದ. "ಇವಳು ಮೆಳ್ಳಗಣ್ಣಿ, ಇವನ ಪಕ್ಕದವಳು. ಇದು ನಗುಮುಖ, ಆಮೇಲಿನದು. ಇದು ಮೂಗು ಮುರೀತಿದೆ…"

ಒಂದೊಂದನ್ನೇ ಸಾಲಾಗಿ ಬಟ್ಟೆಯ ಮೇಲೆ ಇಡುತ್ತ ಹೋದ. ಅವಳು ಕಣ್ಣೀರು ಒರೆಸಿಕೊಳ್ಳುವುದನ್ನೂ ಮರೆತು ನೋಡಿದಳು. ಇಷ್ಟು ವರ್ಷ ಪಟ್ಟಿಗಳನ್ನು ಉಜ್ಜಿದ್ದಾಳೆ, ಅವಕ್ಕೆ ಮುಖ ಇರುವುದು ಅವಳಿಗೆ ಕಂಡೇ ಇರಲಿಲ್ಲ!

"ನಿಮಗೆ ಹೇಗೆ ಗೊತ್ತು?"

"ಬಿಚ್ಚಿದ್ದು ನಾನೇ. ಚುಕ್ಕೆ ಇಟ್ಟಿದ್ದೂ ನಾನೇ."

"ಸುಳ್ಳು! ಅದು ನೇಲ್ ಪಾಲಿಶ್!"

"ಅಲ್ಲ… ಅದು ತುಟಿ ಬಣ್ಣ."

ಅವಳ ಹುಬ್ಬು ಹಣೆಗೇರಿತು. "ಯಾರ ತುಟಿ?!"

"ಗೊಂಬೆ ತುಟಿ," ಎಂದ ಅವನು ನಾಚಿಕೊಂಡು. "ನನ್ನ ಕೆಲಸ ಗೊಂಬೆ ಕಾರ್ಖಾನೆಯಲ್ಲಿ. ಮುಖ ಬರೀತೀನಿ. ಕಣ್ಣು, ಹುಬ್ಬು, ತುಟಿ. ದಿನವಿಡೀ ಅದೇ. ಹಿಂದೆ ಒಂದು ಮನೆಗೆ ಹೆಣ್ಣು ನೋಡಕ್ಕೆ ಹೋದಾಗ ಹೇಳಿದ್ದಕ್ಕೆ ಆ ಹುಡುಗಿ ಬಿದ್ದುಬಿದ್ದು ನಕ್ಕಳು. ಅವತ್ತಿಂದ ಬರೀ ಕಾರ್ಖಾನೆ ಅಂತೀನಿ. ನಿನ್ನೆ ತೋಳಿಗೆ ಮೆತ್ತಿದ್ದೂ ಅದೇ."

ಅವಳು ಭೂತಗನ್ನಡಿಯನ್ನು ಹಣೆಯ ಮೇಲಕ್ಕೆ ಸರಿಸಿ ಅವನನ್ನೇ ನೋಡಿದಳು.

"ನಿಮ್ಮ ಅಂಗಡಿ ಎದುರಿನ ಸ್ಟಾಪಲ್ಲೇ ನಾನು ಬಸ್ ಹತ್ತೋದು. ಆ ಕಿಟಕಿಯಲ್ಲಿ ನೀವು ಕಾಣ್ತೀರಿ. ತಲೆ ತಗ್ಗಿಸಿ, ಸ್ಕ್ರೂ ಬಿಚ್ಚೋ ಮೊದಲು ಕೆಂಪು ಚುಕ್ಕೆ ಇಡ್ತೀರಿ. ದಿನಾ ನೋಡಿ ನೋಡಿ… ಮಾತಾಡಿಸ್ಬೇಕು ಅನ್ನಿಸ್ತು. ಆದ್ರೆ ನಮ್ಮನೇಲಿ ಕೆಟ್ಟಿರೋ ಸಾಮಾನು ಒಂದೂ ಇಲ್ಲ! ಅದಕ್ಕೇ ಗುಜರಿಯಿಂದ ಈ ಟಿವಿ ತಂದೆ."

"ಹಾಗೇ ತರ್ಬೇಕಿತ್ತಲ್ಲ? ಬಿಚ್ಚಿದ್ದು ಯಾಕೆ?"

"ಒಳಗೆ ಇಲಿ ಗೂಡು ಕಟ್ಟಿತ್ತು. ಹಾಗೇ ತಂದಿದ್ರೆ ನೀವು ನನ್ನನ್ನೂ ಸೇರಿಸಿ ಬೀದಿಗೆ ಎಸೀತಿದ್ರಿ. ನೀವು ಮಾಡೋ ಹಾಗೇ ಚುಕ್ಕೆ ಇಟ್ಟು, ಬಿಚ್ಚಿ, ಧೂಳು ಹೊಡೆದು, ವಾಪಸ್ ಜೋಡಿಸಿ ತಂದೆ. ಇಲ್ಲಿ ನೋಡಿದ್ರೆ ಬೋರ್ಡು! ನಿಜ ಹೇಳಿದ್ರೆ ಅವತ್ತೇ ಓಡಿಸಿಬಿಡ್ತೀರಿ ಅಂತ…"

ಅವಳು ದಢಕ್ಕನೆ ಎದ್ದು ನಿಂತಳು. "ಬುದ್ಧಿ ಇದೆಯಾ ನಿಮಗೆ? ಸ್ವಿಚ್ ತೆಗೆದಿದ್ರೂ ಪಿಕ್ಚರ್ ಟ್ಯೂಬಲ್ಲಿ ಕರೆಂಟ್ ನಿಂತಿರುತ್ತೆ. ಹೊಡೆದಿದ್ರೆ? ಒಬ್ಬನೇ ಇರೋ ಮನೇಲಿ ಏನಾದ್ರೂ ಆಗಿದ್ರೆ? ನಾನು… ನಾನು ಯಾರನ್ನ ಕೇಳ್ಬೇಕಿತ್ತು?"

"ಆಗ ನಾನು ನಿಮಗೆ ಯಾರಂತಾನೇ ಗೊತ್ತಿರ್ಲಿಲ್ಲ ಮೇಡಂ!"

"ಆದ್ರೂ!"

ಮೂಲೆಯಿಂದ ಅಪ್ಪ ಜೋರಾಗಿ ನಕ್ಕರು. "ಬಸ್ ಬಂದ್ರೂ ಹತ್ತದೆ ನಿಂತ್ಕೊಳ್ಳೋನು ಇವನೇ ಅಂತ ನಂಗೆ ಮೊದಲ ದಿನವೇ ಗೊತ್ತಾಯ್ತು! ಕೈ ನಡುಗುತ್ತೆ ನಿಜ, ಕಣ್ಣು ನೆಟ್ಟಗಿದೆ ನಂಗೆ."

"ಅಪ್ಪಾ! ಗೊತ್ತಿದ್ದೂ ಸುಮ್ಮನಿದ್ರಾ?"

"ಹೇಳಿದ್ರೆ ನೀನು ಕೇಳ್ತಿದ್ಯಾ? ನಾನು ಒಳಗೆ ಹೋಗಿ ಟೀ ಇಡ್ತೀನಿ. ನಿಧಾನವಾಗಿ ಇಡ್ತೀನಿ!"

ಅಪ್ಪ ಹೋದರು. ಅಂಗಡಿಯಲ್ಲಿ ಇಬ್ಬರೇ ಉಳಿದರು.

"ಹಾಗಾದ್ರೆ ಆ ಸಿಡುಕಿ… ಹಳೇ ಸಾಮಾನು ಅಂದ್ರೆ ಪ್ರಾಣ ಅನ್ನೋಳು…" ಅವಳ ಮಾತು ಅರ್ಧಕ್ಕೇ ನಿಂತಿತು.

"ಎದುರಿಗೇ ನಿಂತು ನನ್ನ ಬೈತಾ ಇದ್ದಾರೆ."

ಇಷ್ಟು ದಿನ ಅವಳು ಶಾಪ ಹಾಕಿದ್ದು, ಅತ್ತದ್ದು, ಥಿನ್ನರ್ ಹಾಕಿ ತಿಕ್ಕಿದ್ದು ಎಲ್ಲ ತನ್ನ ಮೇಲಿನ ಹೊಟ್ಟೆಕಿಚ್ಚಿಗೇ! ಉದ್ದ ಬೆರಳಿನ, ಸೆಂಟು ಘಮದ ಆ ಹೆಂಗಸು ಎಲ್ಲೂ ಇರಲಿಲ್ಲ. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು.

"ಪಟ್ಟಿ ಕೊಡಿ ಇಲ್ಲಿ," ಎಂದಳು ಮೂಗು ಒರೆಸಿಕೊಂಡು. "ಕೆಲಸ ಬಾಕಿ ಇದೆ."

ಅವನು ಹೇಳುತ್ತ ಹೋದ, ಅವಳು ಸಿಕ್ಕಿಸುತ್ತ ಹೋದಳು. ಆಕಳಿಸೋನು, ಮೆಳ್ಳಗಣ್ಣಿ, ನಗುಮುಖ… ಒಂದೊಂದೂ ಟಿಕ್ ಎಂದು ತನ್ನ ಮನೆಯಲ್ಲಿ ಕೂತಿತು. ಒಂದು ಅಂಚೂ ಮುರಿಯಲಿಲ್ಲ. ಕೊನೆಯ ಪಟ್ಟಿಯಲ್ಲಿ ಎರಡು ಸುರುಳಿಯೂ ಹುಬ್ಬು ಗಂಟಿಕ್ಕಿದ ಹಾಗಿದ್ದವು.

"ಇವಳಿಗೇನು ಹೆಸರಿಟ್ಟಿದ್ದೀರಿ?"

"ಹೇಳಿದ್ರೆ ಬೈತೀರಿ."

"ಗೊತ್ತಾಯ್ತು ಬಿಡಿ," ಎಂದು ಅವಳು ಸಿಡುಕಿಯನ್ನೂ ಮನೆಗೆ ಸೇರಿಸಿದಳು.

ಶಟರ್ ಸರಿಸಿ, ಚಿತ್ರ ಕಳಿಸುವ ಸಣ್ಣ ಡಬ್ಬಿಯನ್ನು ಹಿಂದೆ ಜೋಡಿಸಿ, ಸ್ವಿಚ್ ಒತ್ತಿದಳು. ಇಬ್ಬರೂ ಉಸಿರು ಬಿಗಿಹಿಡಿದರು. ಗಾಜು ನಿಧಾನವಾಗಿ ಬೆಳಗಿತು. ಬಿಳಿ ಚುಕ್ಕೆಗಳು ಬಂದವು. ಅವಳು ಗುಂಡಿಯನ್ನು ಒಂದು ಮನೆ ತಿರುಗಿಸಿದಳು… ಚುಕ್ಕೆಗಳೆಲ್ಲ ಸೇರಿ ಒಂದು ಚಿತ್ರವಾಯಿತು. ಯಾರೋ ಮರಳ ಮೇಲೆ ಓಡುತ್ತಿದ್ದರು, ಹಿಂದೆ ಕಡಲಿತ್ತು.

"ಬಂತು!" ಎಂದು ಅವನು ಮಗುವಿನ ಹಾಗೆ ಕುಣಿದ. "ಬಂತು ಮೇಡಂ!"

"ಮೇಡಂ ಅಂದ್ರೆ ಈಗ ಬೈತೀನಿ."

"ಮತ್ತೆ ಏನನ್ಲಿ?"

"ಸಿಡುಕಿ ಅನ್ನು."

ಅವನು ಕುಣಿಯುವುದನ್ನು ನಿಲ್ಲಿಸಿದ. 'ನೀವು' ಹೋಗಿ 'ನೀನು'ವಿನ ಧಾಟಿ ಬಂದದ್ದು ಇಬ್ಬರಿಗೂ ಗೊತ್ತಾಯಿತು. ಅವಳ ಮುಖ ಕಿವಿಯವರೆಗೂ ಕೆಂಪಾಯಿತು. ಅವನು ಜೇಬಿನಿಂದ ಸಣ್ಣ ಶೀಶೆ, ಕೂದಲೆಳೆಯಂಥ ಕುಂಚ ತೆಗೆದ.

"ಕೈ ಕೊಡು."

"ಬೇಡ… ನನ್ನ ಕೈ ಚೆನ್ನಾಗಿಲ್ಲ. ಎಲ್ಲಾ ಸುಟ್ಟ ಕಲೆ."

"ದಿನವಿಡೀ ಚಂದದ ಮುಖ ಬರ್ದು ಬರ್ದು ನಂಗೆ ಸಾಕಾಗಿದೆ. ಈ ಕೈ ನೋಡೋಕೇ ಬಸ್ ಬಿಡ್ತಿದ್ದೆ ನಾನು. ಕೊಡು."

ಕೊಟ್ಟಳು. ಅವನು ಅವಳ ಹೆಬ್ಬೆರಳಿನ ಉಗುರಿನ ಮೇಲೆ ಒಂದು ಚುಕ್ಕೆ ಇಟ್ಟ. ದುಂಡನೆಯ, ಕೆಂಪನೆಯ ಚುಕ್ಕೆ. ಆಮೇಲೆ ತನ್ನ ಹೆಬ್ಬೆರಳಿನ ಮೇಲೂ ಅಂಥದ್ದೇ ಒಂದು ಇಟ್ಟುಕೊಂಡ.

ಅದರ ಅರ್ಥ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಲು ಸಾಧ್ಯ? ಒಂದು ಚುಕ್ಕೆಯದು ಒಂದು ಚುಕ್ಕೆಯ ಮನೆಗೆ. ಅವಳ ಕಣ್ಣು ಮತ್ತೆ ತುಂಬಿತು.

"ಒಪ್ಪಿಗೇನಾ?" ಎಂದು ಅವನು ಕೇಳಿದ.

"ಒಂದು ಷರತ್ತು."

"ಹೇಳು."

"ನಾಳೆಯಿಂದ ನಿನ್ನ ಗೊಂಬೆಗಳ ತುಟಿಗೆ ಬೇರೆ ಬಣ್ಣ ಹಚ್ಚು. ಈ ಕೆಂಪು ನಂದು."

ಅವನು ನಕ್ಕ. "ಗೊಂಬೆ ಮೇಲೂ ಹೊಟ್ಟೆಕಿಚ್ಚಾ?"

"ಎಲ್ಲರ ಮೇಲೂ," ಎಂದಳು ಅವಳು, ತನ್ನ ಹೆಬ್ಬೆರಳನ್ನು ಅವನ ಹೆಬ್ಬೆರಳಿಗೆ ಜೋಡಿಸಿ. "ಯಾವತ್ತಾದ್ರೂ ಸಿಟ್ಟು ಬಂದು ಇದನ್ನೂ ಅಳಿಸಿಬಿಟ್ರೆ ಏನ್ಮಾಡ್ತೀಯ?"

"ಮತ್ತೆ ಇಡ್ತೀನಿ."

"ಮತ್ತೆ ಅಳಿಸಿದ್ರೆ?"

"ಶೀಶೆ ತುಂಬಾ ಬಣ್ಣ ಇದೆ ಸಿಡುಕಿ… ಚುಕ್ಕೆ ಹೋದ್ರೂ ನಿನ್ನ ಮುಖ ನೆನಪಿದೆ."